ಅಳಿವೆಯ ನೀರಿನಲ್ಲಿ ಕಡಲಕುದುರೆಯನ್ನು ಕಂಡು ಗುರುತಿಸುವ ಬಗೆ

ಕಾರವಾರದ ಕೋಡಿಬಾಗದ ಬಳಿ, ಕಾಳಿ ನದಿ ಕಡಲನ್ನು ಸೇರುವ ಕಡೆ, ಬೀಸುಬಲೆಯನ್ನು ದಡದ ಮರಳಿನ ಮೇಲೆ ಕೊಡವಿದಾಗ ಸೀಗಡಿ, ಏಡಿಮರಿ ಮತ್ತು ಕೊಳೆತ ಎಲೆಗಳ ನಡುವೆ ಒಮ್ಮೊಮ್ಮೆ ಒಣಕಡ್ಡಿಯಂಥದ್ದೊಂದು ಮೆಲ್ಲನೆ ಬಾಗುತ್ತದೆ. ಅದು ಕೊಳವೆಮೀನು. ಅದೇ ಕುಟುಂಬದ ಕಡಲಕುದುರೆ ಸಿಗುವುದು ಇನ್ನೂ ಅಪರೂಪ. ಸಿಕ್ಕರೆ ಬಲೆಯ ನೂಲಿಗೋ ಪಾಚಿಯ ಎಳೆಗೋ ಬಾಲ ಸುತ್ತಿಕೊಂಡಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಎರಡು ಮೀನುಗಳನ್ನೂ ನೋಡಿರುವುದು ಸತ್ತು ಒಣಗಿದ ಮೇಲೆಯೇ. ಅವುಗಳನ್ನು ಬದುಕಿರುವಾಗ, ಅವು ಇರುವ ನೀರಿನಲ್ಲಿಯೇ ಕಂಡು, ಯಾವ ಜಾತಿ, ಗಂಡೋ ಹೆಣ್ಣೋ ಎಂದು ತಿಳಿದು, ದಾಖಲಿಸಿ, ಅಲ್ಲಿಯೇ ಬಿಟ್ಟುಬರುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಕಾಳಿಯಲ್ಲದೆ ಗಂಗಾವಳಿ, ಅಘನಾಶಿನಿ ಮತ್ತು ಶರಾವತಿಯ ಅಳಿವೆಗಳಿಗೂ ಇದೇ ಕ್ರಮ ಹೊಂದುತ್ತದೆ.

ಈ ಮೀನನ್ನು ಹುಡುಕುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಒಂದೇ: ಇದು ಈಜಿ ಬದುಕುವ ಮೀನಲ್ಲ, ಹಿಡಿದುಕೊಂಡು ಬದುಕುವ ಮೀನು. ಇದರ ದೇಹದ ಪ್ರತಿಯೊಂದು ವಿಚಿತ್ರವೂ ಆ ಒಂದು ಬದುಕಿನ ರೀತಿಗೆ ಹೊಂದಿಕೊಂಡಿದೆ. ಆದ್ದರಿಂದ ದೇಹವನ್ನು ಅರಿತುಕೊಂಡರೆ ಎಲ್ಲಿ ಹುಡುಕಬೇಕು, ಹೇಗೆ ನೋಡಬೇಕು, ಏನು ಮಾಡಬಾರದು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಮೊದಲು ದೇಹ

ಕಡಲಕುದುರೆ, ಕೊಳವೆಮೀನು ಮತ್ತು ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯಲ್ಲಿ ಮಾತ್ರ ಇರುವ ಕಡಲಡ್ರ್ಯಾಗನ್, ಇವೆಲ್ಲ ಸಿಂಗ್ನಾತಿಡೆ ಎಂಬ ಒಂದೇ ಕುಟುಂಬದವು. ಕೂಡಿಕೊಂಡ ದವಡೆ ಎಂಬ ಅರ್ಥದ ಗ್ರೀಕ್ ಪದಗಳಿಂದ ಆ ಹೆಸರು ಬಂದಿದೆ. ಇವುಗಳ ಮೂತಿ ಒಂದು ಕೊಳವೆ. ಅದರ ತುದಿಯಲ್ಲಿ ಪುಟ್ಟ ಬಾಯಿ. ಹಲ್ಲುಗಳಿಲ್ಲ, ಜಠರವೂ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಇಳಿದು ಬೇಗನೆ ಹೊರಹೋಗುವುದರಿಂದ ಹಗಲಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಲೇ ಇರಬೇಕು. ಸೀಗಡಿಯ ಜಾತಿಗೆ ಹತ್ತಿರದ, ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಜೀವಿಗಳೇ ಇವುಗಳ ಆಹಾರ. ಅಂಥ ಜೀವಿಗಳು ನೀರಿನ ಅತಿ ಸಣ್ಣ ಕದಲಿಕೆಗೂ ಹಾರಿ ತಪ್ಪಿಸಿಕೊಳ್ಳುತ್ತವೆ. ಆದರೂ ಕಡಲಕುದುರೆ ಅವುಗಳನ್ನು ಹಿಡಿಯುತ್ತದೆ. ಅದು ಹಿಡಿಯುವ ಬಗೆಯನ್ನು ತುಸು ನಿಧಾನವಾಗಿ ನೋಡುವುದು ಒಳ್ಳೆಯದು.

ಬೇಟೆ ಹತ್ತಿರ ಬಂದಾಗ ಕಡಲಕುದುರೆ ತಲೆಯನ್ನು ಥಟ್ಟನೆ ಮೇಲಕ್ಕೆತ್ತಿ, ಮೂತಿಯ ತುದಿಯನ್ನು ಬೇಟೆಯ ಬಳಿಗೆ ತಂದು, ನೀರಿನೊಂದಿಗೆ ಅದನ್ನು ಒಳಗೆಳೆದುಕೊಳ್ಳುತ್ತದೆ. ಬಿಲ್ಲಿನ ಹೆದೆಯನ್ನು ಎಳೆದು ಬಿಟ್ಟಂತೆ, ಸ್ನಾಯುರಜ್ಜುಗಳಲ್ಲಿ ಮೊದಲೇ ಕೂಡಿಟ್ಟ ಬಲ ಒಮ್ಮೆಲೇ ಬಿಡುಗಡೆಯಾಗುವುದರಿಂದ ಈ ಕೆಲಸ ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಕುದುರೆಯಂತೆ ಬಾಗಿದ ಕತ್ತಿನ ಪ್ರಯೋಜನವೂ ಇಲ್ಲಿಯೇ ಇದೆ. ನೇರ ದೇಹದ ಕೊಳವೆಮೀನಿಗಿಂತ ಬಾಗಿದ ಕತ್ತಿನ ಕಡಲಕುದುರೆ ಹೆಚ್ಚು ದೂರದ ಬೇಟೆಯನ್ನು ಎಟುಕಿಸಿಕೊಳ್ಳಬಲ್ಲದು. ಬೇಟೆಯ ಬಳಿಗೆ ಈಜಿಹೋಗುವ ಕೊಳವೆಮೀನಿಗೆ ನೇರ ದೇಹ ಸಾಕು. ಒಂದೆಡೆ ನಿಂತು ಬೇಟೆ ಬರಲೆಂದು ಕಾಯುವ ಕಡಲಕುದುರೆಗೆ ಬಾಗಿದ ಕತ್ತು ಬೇಕು. ಎರಡು ಕಣ್ಣುಗಳೂ ಒಂದನ್ನೊಂದು ಅವಲಂಬಿಸದೆ ಬೇರೆ ಬೇರೆ ದಿಕ್ಕಿಗೆ ತಿರುಗುವುದರಿಂದ ಕಾಯುವಾಗ ದೇಹವನ್ನು ಅಲುಗಿಸುವ ಅಗತ್ಯವೇ ಬೀಳುವುದಿಲ್ಲ.

ಮೈಮೇಲೆ ಹುರುಪೆಗಳ ಬದಲು ಉಂಗುರಗಳಂತೆ ಜೋಡಿಸಿದ ಎಲುಬಿನ ಫಲಕಗಳಿವೆ. ಕಡಲಕುದುರೆಗೆ ಬಾಲದ ಈಜುರೆಕ್ಕೆ ಇಲ್ಲ, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳೂ ಇಲ್ಲ. 2016ರಲ್ಲಿ ಒಂದು ಜಾತಿಯ ಕಡಲಕುದುರೆಯ ಪೂರ್ತಿ ಜೀನೋಮನ್ನು, ಎಂದರೆ ಅದರ ಎಲ್ಲ ಜೀನ್‌ಗಳ ಬರಹವನ್ನು, ಓದಿದಾಗ, ಆ ಜೋಡಿ ರೆಕ್ಕೆಗಳನ್ನು ಬೆಳೆಸುವ ಟಿಬಿಎಕ್ಸ್4 ಎಂಬ ಜೀನ್ ಅದರಲ್ಲಿ ಇಲ್ಲದಿರುವುದು ಕಂಡುಬಂತು. ಜೀಬ್ರಾಮೀನಿನಲ್ಲಿ ಅದೇ ಜೀನನ್ನು ಕೆಡಿಸಿದಾಗ ಅದಕ್ಕೂ ಆ ರೆಕ್ಕೆಗಳು ಮೂಡಲಿಲ್ಲ. ಮುಂದಕ್ಕೆ ಸಾಗಲು ಉಳಿದಿರುವುದು ಬೆನ್ನಿನ ಒಂದು ಪುಟ್ಟ ರೆಕ್ಕೆ ಮಾತ್ರ. ಅದು ಸೆಕೆಂಡಿಗೆ ಸುಮಾರು 35 ಬಾರಿ ಬಡಿದರೂ ಮೀನು ಸಾಗುವುದು ನಿಧಾನವಾಗಿಯೇ. ಕಿವಿಗಳಂತೆ ಕಾಣುವ ತಲೆಯ ಪಕ್ಕದ ರೆಕ್ಕೆಗಳು ದಿಕ್ಕು ತಿರುಗಿಸಲು ನೆರವಾಗುತ್ತವೆ. ಈಜುವ ಶಕ್ತಿ ಕಡಿಮೆಯಾದಷ್ಟೂ ಹಿಡಿತದ ಶಕ್ತಿ ಹೆಚ್ಚಿದೆ. ಬಾಲದ ಅಡ್ಡಕೊಯ್ತ ದುಂಡಗಿಲ್ಲ, ಚೌಕವಾಗಿದೆ. 2015ರಲ್ಲಿ ಮೂರು ಆಯಾಮದಲ್ಲಿ ಮುದ್ರಿಸಿದ ಮಾದರಿಗಳನ್ನು ಹೋಲಿಸಿ ನೋಡಿದಾಗ, ಚೌಕ ಬಾಲವು ದುಂಡು ಬಾಲಕ್ಕಿಂತ ಒತ್ತಡವನ್ನು ಹೆಚ್ಚು ತಾಳುತ್ತದೆ ಮತ್ತು ವಸ್ತುವನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ ಎಂಬುದು ತಿಳಿದುಬಂತು.

ಎಲ್ಲಿ, ಯಾವ ಹೊತ್ತಿನಲ್ಲಿ

ನೀರಿನಲ್ಲಿ ಕಡಲಕುದುರೆಯನ್ನೇ ಹುಡುಕಿದರೆ ಅದು ಕಾಣಿಸುವುದಿಲ್ಲ. ಬಾಲಕ್ಕೆ ಸುತ್ತಿಕೊಳ್ಳಲು ಸಿಗುವ ವಸ್ತುವನ್ನು ಹುಡುಕಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು, ನೀರೊಳಗೆ ಬಿದ್ದ ಕೊಂಬೆಗಳು, ಪಾಚಿ ಮತ್ತು ಕಡಲಹುಲ್ಲಿನ ಎಳೆಗಳು, ಜೆಟ್ಟಿಯ ಕಂಬಗಳು, ದೋಣಿ ಕಟ್ಟಿದ ಹಗ್ಗ, ತುಂಡಾಗಿ ಉಳಿದ ಹಳೆಯ ಬಲೆ, ಇವೆಲ್ಲವೂ ಅದಕ್ಕೆ ಆಸರೆಯಾಗಬಲ್ಲವು. ಬರಿಯ ಮರಳಿನ ತಳದಲ್ಲಿಯೂ ಒಂದೇ ಒಂದು ಕಡ್ಡಿ ನೆಟ್ಟಗೆ ನಿಂತಿದ್ದರೆ ಅದನ್ನು ಬಿಡದೆ ನೋಡಬೇಕು. ಕಣ್ಣನ್ನು ಆಸರೆಯ ಬುಡದಿಂದ ಮೇಲಕ್ಕೆ ನಿಧಾನವಾಗಿ ಸರಿಸುತ್ತ, ಎಲ್ಲಿ ಒಂದು ಸುತ್ತು ಕಾಣುತ್ತದೋ ಅಲ್ಲಿ ನಿಲ್ಲಿಸಬೇಕು. ಬಣ್ಣವನ್ನು ನಂಬಬಾರದು, ಸುತ್ತಲಿನ ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುವ ಶಕ್ತಿ ಇವಕ್ಕಿದೆ, ಪಾಚಿಯ ನಡುವೆ ಇರುವ ಕೆಲವು ಮೀನುಗಳ ಚರ್ಮದ ಮೇಲೆ ಪಾಚಿಯಂಥ ಎಳೆಗಳೂ ಬೆಳೆದಿರುತ್ತವೆ. ಕೊಳವೆಮೀನನ್ನಾದರೆ ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಬುಡದ ಆಳವಿಲ್ಲದ ಗುಂಡಿಗಳಲ್ಲಿ, ಕಾಲುವೆಗಳ ಅಂಚಿನ ಕೊಳೆತ ಎಲೆಗಳ ಬಳಿ, ಅಘನಾಶಿನಿಯ ಕಡೆ ಗಜನಿ (ಉಪ್ಪುನೀರು ಬರುವ ತಗ್ಗು ಗದ್ದೆ) ಕಟ್ಟೆಗಳ ನೀರಿನ ಬಾಗಿಲುಗಳ ಹತ್ತಿರ ಹುಡುಕಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯ ನೀರು ಕೆಂಪಾಗಿ, ಉಪ್ಪಿನ ಅಂಶ ತೀರ ಇಳಿದಿರುವುದರಿಂದ ನೋಡಲು ಹೋಗುವುದು ವ್ಯರ್ಥ, ಸೆಳೆತದಿಂದ ಅಪಾಯವೂ ಹೌದು. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳು ಒಳ್ಳೆಯವು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ, ಆದರೆ ಓಟವೂ ಹೆಚ್ಚಿರುವುದರಿಂದ ಕೆಸರು ಏಳುತ್ತದೆ. ಗುಂಡಿಗಳನ್ನು ನೋಡುವುದಕ್ಕೆ ಆ ದಿನಗಳು ಸರಿ. ನೀರಿನೊಳಗೆ ಮುಖವಾಡ ಹಾಕಿಕೊಂಡು ನೋಡುವುದಕ್ಕೆ ಅಷ್ಟಮಿಯ ಸುತ್ತಲಿನ ದಿನಗಳೇ ಮೇಲು. ಭರತ (ಉಬ್ಬರ) ಮುಗಿದು ಇಳಿತ ಆರಂಭವಾಗುವ ಮುನ್ನ ನೀರು ಸ್ವಲ್ಪ ಹೊತ್ತು ನಿಂತಂತೆ ಇರುತ್ತದೆ. ಆ ಹೊತ್ತನ್ನು ಬಳಸಿಕೊಳ್ಳಬೇಕು. ಕಲಗ ಎಂಬ ಸಿಂಪಿಯ ಚಿಪ್ಪುಗಳು ಕಾಲು ಸೀಳುವುದರಿಂದ ದಪ್ಪ ಅಡಿಯ ಪಾದರಕ್ಷೆ ಬೇಕೇ ಬೇಕು. ಮರಳಿನಲ್ಲಿ ಹುದುಗಿರುವ, ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನನ್ನು ತುಳಿಯದಿರಲು ಹೆಜ್ಜೆ ಎತ್ತದೆ ಕಾಲನ್ನು ನೆಲದ ಮೇಲೆ ಸರಿಸುತ್ತ ನಡೆಯಬೇಕು. ಒಬ್ಬರೇ ಹೋಗಬಾರದು, ಆ ಅಳಿವೆಯ ನೀರು ಬಲ್ಲ ಮೀನುಗಾರರೊಬ್ಬರು ಜೊತೆಯಲ್ಲಿದ್ದರೆ ಪುಸ್ತಕದಲ್ಲಿ ಸಿಗದ ಎಷ್ಟೋ ಸಂಗತಿಗಳು ತಿಳಿಯುತ್ತವೆ.

ಕುಟುಂಬ ಮತ್ತು ಜಾತಿಯ ಗುರುತು

ಉದ್ದ ಮೂತಿಯ ತೆಳ್ಳನೆಯ ಮೀನುಗಳೆಲ್ಲ ಕೊಳವೆಮೀನಲ್ಲ. ಸೂಜಿಯಂಥ ಎರಡು ದವಡೆಗಳು ತೆರೆದುಕೊಂಡು ಹಲ್ಲು ಕಂಡರೆ ಅದು ಬೇರೆಯೇ ಗುಂಪಿನ ಮೀನು. ಬೈತಖೋಲದಂಥ ಬಂದರಿನಲ್ಲಿ ಟ್ರಾಲ್ ದೋಣಿಯ (ಕಡಲ ತಳದಲ್ಲಿ ಬಲೆ ಎಳೆಯುವ ದೋಣಿ) ಮೀನಿನ ರಾಶಿಯಲ್ಲಿ ಕಾಣಬಹುದಾದ, ಮೊಳದುದ್ದಕ್ಕೂ ಮೀರಿ ಬೆಳೆಯುವ, ಬಾಲದ ಕವಲಿನ ನಡುವಿನಿಂದ ಒಂದು ಉದ್ದ ಎಳೆ ಹೊರಟಿರುವ ಮೀನು ಫಿಸ್ಟುಲಾರಿಯ. ಅದು ಈ ಕುಟುಂಬದ ದೂರದ ನಂಟ, ಆದರೆ ಅದರ ಮೈಮೇಲೆ ಫಲಕದ ಉಂಗುರಗಳು ಇರುವುದಿಲ್ಲ. ಉಂಗುರಗಳು, ಕೊಳವೆ ಮೂತಿ, ತುದಿಯಲ್ಲಿ ಹಲ್ಲಿಲ್ಲದ ಪುಟ್ಟ ಬಾಯಿ, ಈ ಮೂರೂ ಇದ್ದರೆ ಮಾತ್ರ ಸಿಂಗ್ನಾತಿಡೆ ಎಂದು ಬರೆದುಕೊಳ್ಳಬಹುದು.

ಕಡಲಕುದುರೆಯ ಜಾತಿಯನ್ನು ಬಣ್ಣದಿಂದ ನಿರ್ಧರಿಸುವುದು ಬಹಳ ಜನ ಮಾಡುವ ತಪ್ಪು. ನೋಡಬೇಕಾದವು ನಾಲ್ಕು: ತಲೆಯ ಮೇಲಿನ ಕಿರೀಟದ ಆಕಾರ, ಮೈಮೇಲಿನ ಮುಳ್ಳುಗಳು, ತಲೆಯ ಉದ್ದಕ್ಕೆ ಹೋಲಿಸಿದರೆ ಮೂತಿಯ ಉದ್ದ, ಮತ್ತು ಉಂಗುರಗಳ ಎಣಿಕೆ. ಅಳಿವೆಯ ನೀರಿಗೂ ಬರುವ ಹಿಪ್ಪೊಕ್ಯಾಂಪಸ್ ಕುಡ ಎಂಬುದರ ಮೈ ನುಣುಪು, ಮುಳ್ಳುಗಳ ಬದಲು ಮೊಂಡು ಗುಬ್ಬಿಗಳು, ಹಿಂದಕ್ಕೆ ವಾಲಿದ ದುಂಡನೆಯ ಕಿರೀಟ, ದಪ್ಪ ಮೂತಿ. ಬಾಲದಲ್ಲಿ ಸಾಮಾನ್ಯವಾಗಿ 34ರಿಂದ 38 ಉಂಗುರಗಳಿರುತ್ತವೆ. ತೀರದಿಂದ ಆಚೆ ಟ್ರಾಲ್ ಬಲೆಗೆ ಬೀಳುವ ಹಿಪ್ಪೊಕ್ಯಾಂಪಸ್ ಟ್ರೈಮ್ಯಾಕ್ಯುಲೇಟಸ್‌ನ ಕಿರೀಟ ಬಹಳ ತಗ್ಗು, ಕಣ್ಣಿನ ಮೇಲೂ ಕೆನ್ನೆಯ ಮೇಲೂ ಕೊಕ್ಕೆಯಂಥ ಮುಳ್ಳು, ಬಾಲದ ಉಂಗುರಗಳು 40ರ ಆಸುಪಾಸು. ಬೆನ್ನಿನ ಪಕ್ಕದಲ್ಲಿ ಒಂದನೇ, ನಾಲ್ಕನೇ ಮತ್ತು ಏಳನೇ ಉಂಗುರಗಳ ಮೇಲೆ ಕಪ್ಪು ಚುಕ್ಕೆಗಳಿರುವುದರಿಂದ ಅದಕ್ಕೆ ಆ ಹೆಸರು. ಆದರೆ ಮೈಬಣ್ಣ ಗಾಢವಾಗಿದ್ದರೆ ಚುಕ್ಕೆಗಳು ಕಾಣಿಸದೆ ಹೋಗಬಹುದು. ಎತ್ತರದ ಕಿರೀಟವುಳ್ಳ ದೊಡ್ಡ ಗಾತ್ರದ ಹಿಪ್ಪೊಕ್ಯಾಂಪಸ್ ಕೆಲೊಗಿ ಆಳದ ನೀರಿನದು. ಚೂಪಾದ ಉದ್ದ ಮುಳ್ಳುಗಳೂ ಉದ್ದ ಮೂತಿಯೂ ಇದ್ದರೆ ಅದು ಹಿಪ್ಪೊಕ್ಯಾಂಪಸ್ ಹಿಸ್ಟ್ರಿಕ್ಸ್ ಆಗಿರಬಹುದು.

ಉಂಗುರಗಳನ್ನು ನೀರಿನಲ್ಲಿಯೇ ಎಣಿಸಲು ಯಾರಿಂದಲೂ ಆಗುವುದಿಲ್ಲ. ಪೂರ್ತಿ ಪಕ್ಕದಿಂದ ಒಂದು, ತಲೆ ಮತ್ತು ಕಿರೀಟದ್ದು ಒಂದು, ಬಾಲದ್ದು ಒಂದು, ಹೀಗೆ ಮೂರು ಚಿತ್ರಗಳನ್ನು ಫ್ಲ್ಯಾಷ್ ಇಲ್ಲದೆ ತೆಗೆದುಕೊಂಡು ಮನೆಗೆ ಬಂದು ಎಣಿಸಬೇಕು. ಸಂದೇಹ ಉಳಿದರೆ ಕಾರವಾರದಲ್ಲಿಯೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಚಿತ್ರಗಳನ್ನು ಅಲ್ಲಿಗೆ ಒಯ್ದು ಕೇಳಬಹುದು. ಚಿತ್ರವನ್ನು ಮಾತ್ರ ಒಯ್ಯಬೇಕು, ಮೀನನ್ನಲ್ಲ.

ಗಂಡು, ಹೆಣ್ಣು ಮತ್ತು ಬಸಿರು

ಈ ಕುಟುಂಬದಲ್ಲಿ ಬಸಿರಾಗುವುದು ಗಂಡು. ಹಾಗೆಂದು ಬಹಳ ಮಂದಿ ಕೇಳಿರುತ್ತಾರೆ. ಕಣ್ಣಾರೆ ನೋಡಿ ಅರಿತವರು ಕಡಿಮೆ. ಕಡಲಕುದುರೆಯನ್ನು ಪಕ್ಕದಿಂದ ನೋಡಿ, ಹೊಟ್ಟೆಯ ಗೆರೆಯನ್ನು ಕೆಳಕ್ಕೆ ಅನುಸರಿಸಿ. ಮುಂಡ ಮುಗಿದು ಬಾಲ ಶುರುವಾಗುವ ಜಾಗದಲ್ಲಿ ಗೆರೆ ಮೂಲೆಯಂತೆ ಒಳಕ್ಕೆ ತಿರುಗಿದರೆ ಹೆಣ್ಣು. ಆ ಜಾಗದಿಂದ ಬಾಲದ ಮುಂಬದಿಗೆ ನುಣುಪಾದ, ಉಂಗುರದ ಗೆರೆಗಳಿಲ್ಲದ ಚೀಲವೊಂದು ಅಂಟಿಕೊಂಡಿದ್ದರೆ ಗಂಡು. ಎಳೆಯ ಮೀನಿನಲ್ಲಿ ಚೀಲ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಚಿಕ್ಕ ಗಾತ್ರದ್ದನ್ನು ಹೆಣ್ಣು ಎಂದು ಬರೆದುಬಿಡದೆ ಎಳೆಯದು ಎಂದಷ್ಟೇ ಬರೆಯಬೇಕು.

ಹೆಣ್ಣು ತನ್ನ ಮೊಟ್ಟೆಗಳನ್ನು ಕೆಲವೇ ಸೆಕೆಂಡುಗಳಲ್ಲಿ ಗಂಡಿನ ಚೀಲಕ್ಕೆ ಇಳಿಸುತ್ತದೆ. ಗಂಡು ಅಲ್ಲಿ ಅವುಗಳನ್ನು ಫಲಗೊಳಿಸುತ್ತದೆ, ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಇದನ್ನು ಬರಿಯ ಹೊರುವ ಚೀಲ ಎಂದು ತಿಳಿದರೆ ತಪ್ಪಾದೀತು. ಒಳಗೋಡೆ ದಪ್ಪವಾಗಿ, ರಕ್ತನಾಳಗಳಿಂದ ತುಂಬಿ, ಪ್ರತಿಯೊಂದು ಮೊಟ್ಟೆಯನ್ನೂ ಸುತ್ತುವರಿಯುತ್ತದೆ. ಗಂಡಿನ ರಕ್ತದಿಂದ ಮೊಟ್ಟೆಗಳಿಗೆ ಆಮ್ಲಜನಕ ಹೋಗುತ್ತದೆ, ಪೋಷಕಾಂಶಗಳೂ ಹೋಗುತ್ತವೆ. ಚೀಲದೊಳಗಿನ ದ್ರವದ ಉಪ್ಪಿನ ಅಂಶ ಮೊದಲು ಗಂಡಿನ ಮೈಯೊಳಗಿನ ದ್ರವಕ್ಕೆ ಹತ್ತಿರವಾಗಿದ್ದು, ಹೆರಿಗೆ ಸಮೀಪಿಸಿದಂತೆ ಹೊರಗಿನ ಕಡಲನೀರಿಗೆ ಹತ್ತಿರವಾಗುತ್ತ ಹೋಗುತ್ತದೆ; ಹೀಗೆ ಮರಿಗಳು ಹುಟ್ಟುವ ಮೊದಲೇ ಹೊರಗಿನ ನೀರಿಗೆ ಒಗ್ಗಿರುತ್ತವೆ. ತಾಯಂದಿರಲ್ಲಿ ಎದೆಹಾಲಿಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನಿಗೂ ಈ ಚೀಲದ ಕೆಲಸದಲ್ಲಿ ಪಾಲಿದೆ. ಇದನ್ನು ಮೊದಲು ಓದಿದ ದಿನ ನನಗಾದ ಬೆರಗು ಇಂದಿಗೂ ಕಡಿಮೆಯಾಗಿಲ್ಲ.

ನೀರಿನ ಉಷ್ಣತೆಗೆ ಅನುಗುಣವಾಗಿ 2ರಿಂದ 4 ವಾರಗಳಲ್ಲಿ ದಿನ ತುಂಬುತ್ತದೆ. ಗಂಡು ಮೈ ಹಿಂಡಿ ಹಿಂಡಿ ಮರಿಗಳನ್ನು ಹೊರಗೆ ತಳ್ಳುತ್ತದೆ. ದೊಡ್ಡ ಜಾತಿಗಳಲ್ಲಿ ಒಂದು ಹೆರಿಗೆಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಮರಿಗಳು. ಒಂದು ಸೆಂಟಿಮೀಟರಿನಷ್ಟೂ ಇಲ್ಲದ ಆ ಮರಿಗಳು ಆಗಲೇ ದೊಡ್ಡವರ ರೂಪದಲ್ಲಿರುತ್ತವೆ, ಮತ್ತು ಆ ಗಳಿಗೆಯಿಂದ ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ಅವುಗಳಲ್ಲಿ ದೊಡ್ಡದಾಗಿ ಬೆಳೆಯುವುದು ಬೆರಳೆಣಿಕೆಯಷ್ಟು. ಅನೇಕ ಜಾತಿಗಳಲ್ಲಿ ಒಂದು ಋತುವಿನಲ್ಲಿ ಒಂದು ಗಂಡಿಗೆ ಒಂದೇ ಹೆಣ್ಣು. ಬಸಿರಿನ ಅವಧಿಯುದ್ದಕ್ಕೂ ಅವೆರಡೂ ಬೆಳಗಿನ ಹೊತ್ತು ಒಂದೆಡೆ ಸೇರಿ, ಬಣ್ಣ ತಿಳಿಯಾಗಿಸಿಕೊಂಡು, ಒಂದೇ ಆಸರೆಗೆ ಬಾಲ ಸುತ್ತಿ ತಿರುಗುತ್ತವೆ. ಆಸ್ಟ್ರೇಲಿಯಾದ ಒಂದು ಜಾತಿಯಲ್ಲಿ ಇದನ್ನು ನೀರಿನೊಳಗೆ ಕುಳಿತು ದಿನಗಟ್ಟಲೆ ನೋಡಿ ವಿವರಿಸಿದವರು ಜೀವವಿಜ್ಞಾನಿ ಅಮಾಂಡಾ ವಿನ್ಸೆಂಟ್. ಆದ್ದರಿಂದ ಬೆಳಗಿನಲ್ಲಿ ಒಂದು ಕಡಲಕುದುರೆ ಕಂಡರೆ ಇನ್ನೊಂದು ಹತ್ತಿರದಲ್ಲಿಯೇ ಇರಬಹುದೆಂದು ಹುಡುಕಬೇಕು, ಎರಡರ ನಡುವೆ ಹಾದುಹೋಗಬಾರದು. ಜೋಡಿಯಲ್ಲಿ ಒಂದನ್ನು ತೆಗೆದರೆ ಉಳಿದದ್ದು ಹೊಸ ಜೊತೆ ಸಿಗುವವರೆಗೆ ಮರಿಮಾಡುವುದಿಲ್ಲ.

ಕೊಳವೆಮೀನಿನಲ್ಲಿ ಮೊಟ್ಟೆ ಎಲ್ಲಿ ಅಂಟಿಕೊಂಡಿದೆ ಎಂಬುದೇ ಒಳ್ಳೆಯ ಗುರುತು. ಕೆಲವು ಗುಂಪುಗಳ ಗಂಡು ಮೊಟ್ಟೆಗಳನ್ನು ಗುದದ್ವಾರಕ್ಕಿಂತ ಮುಂದೆ, ಹೊಟ್ಟೆಯ ಅಡಿಯಲ್ಲಿ ಹೊರುತ್ತದೆ; ಅಳಿವೆ ಮತ್ತು ಸಿಹಿನೀರಿನ ಮೈಕ್ರೊಫಿಸ್ ಕುಲದವು ಹಾಗೆ. ಇನ್ನು ಕೆಲವು ಬಾಲದ ಅಡಿಯಲ್ಲಿ, ಎರಡು ಬದಿಯ ಚರ್ಮದ ಮಡಿಕೆಗಳ ನಡುವೆ ಹೊರುತ್ತವೆ. ನಮ್ಮ ದೇಶದ ಅಳಿವೆಗಳಲ್ಲಿ ಕಾಣುವ, ಗೇಣಿಗಿಂತ ಚಿಕ್ಕದಾದ ಇಕ್ತಿಯೊಕ್ಯಾಂಪಸ್ ಕಾರ್ಸೆ ಹಾಗೆ. ಕಡಲಡ್ರ್ಯಾಗನ್‌ಗೆ ಚೀಲವೇ ಇಲ್ಲ, ಬಾಲದ ಅಡಿಯ ಚರ್ಮಕ್ಕೆ ಮೊಟ್ಟೆಗಳು ಅಂಟಿರುತ್ತವೆ. ಈ ಎಲ್ಲ ಹಂತಗಳನ್ನು ಸಾಲಾಗಿ ಇಟ್ಟು ನೋಡಿದರೆ ಬರಿಯ ಅಂಟಿನಿಂದ ಹಿಡಿದು, ಬಾಯಿ ಮುಚ್ಚಿದ ಚೀಲದವರೆಗಿನ ಬೆಳವಣಿಗೆ ಅರ್ಥವಾಗುತ್ತದೆ.

ಬಲೆಗೆ ಸಿಕ್ಕಾಗ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯ ಪಟ್ಟಿಗೆ ಈ ಕುಟುಂಬವನ್ನು 2001ರಲ್ಲಿ ಸೇರಿಸಲಾಗಿದೆ. ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಒಣಗಿಸಿ ಮಾರುವುದು ಅಪರಾಧ. ಬೇಕೆಂದು ಹಿಡಿಯದಿದ್ದರೂ ಬೇರೆ ಮೀನಿನ ಜೊತೆ ಸಿಕ್ಕಿಬೀಳುವುದೇ ಇವುಗಳ ದೊಡ್ಡ ಕಷ್ಟ. 2017ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ 21 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.7 ಕೋಟಿ ಕಡಲಕುದುರೆಗಳು ಹೀಗೆ ಬಲೆಗೆ ಬೀಳುತ್ತವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ಇರುವ ನಿಷೇಧ ಟ್ರಾಲ್ ಬಲೆಯಿಂದ ಇವಕ್ಕೂ ಎರಡು ತಿಂಗಳ ಬಿಡುವು ಕೊಡುತ್ತದೆ.

ಬೀಸುಬಲೆ ಅಥವಾ ದಡಕ್ಕೆ ಎಳೆಯುವ ಎಂಡಿಬಲೆಯಲ್ಲಿ ಜೀವಂತ ಸಿಕ್ಕಿದರೆ ಮೊದಲು ಬಲೆಯ ಆ ಭಾಗವನ್ನು ನೀರಿನಲ್ಲಿ ಮುಳುಗಿಸಬೇಕು. ಬಾಲವನ್ನು ಎಳೆದು ಬಿಡಿಸಬಾರದು. ನೂಲಿನ ಪಕ್ಕದಲ್ಲಿ ಒದ್ದೆ ಬೆರಳನ್ನೋ ಕಡ್ಡಿಯನ್ನೋ ಇಟ್ಟು ಕಾದರೆ ಅದು ತಾನಾಗಿಯೇ ಹಿಡಿತ ಬದಲಿಸುತ್ತದೆ. ಗಾಳಿಗೆ ಎತ್ತಲೇಬಾರದು. ವಿದ್ಯಾರ್ಥಿಯಾಗಿದ್ದಾಗ ನಾನು ಗೆಳೆಯರಿಗೆ ತೋರಿಸುವ ಆಸೆಯಿಂದ ಒಂದು ಗಂಡನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದೆ. ಮತ್ತೆ ನೀರಿಗೆ ಬಿಟ್ಟಾಗ ಅದು ಮುಳುಗಲಾರದೆ ಮೇಲೆಯೇ ಓರೆಯಾಗಿ ತೇಲಿತು. ದೇಹದೊಳಗೆ ಗಾಳಿ ಸೇರಿತ್ತು. ಆ ಮೀನಿಗೆ ಆದದ್ದು ನನ್ನ ತಪ್ಪಿನಿಂದ, ಅದನ್ನು ನಾನು ಮರೆತಿಲ್ಲ. ಬಕೆಟ್ಟಿನ ನಲ್ಲಿನೀರಿಗೂ ಹಾಕಬಾರದು. ಸಿಕ್ಕಿದ ಜಾಗದಲ್ಲಿಯೇ, ಓಟ ಕಡಿಮೆ ಇರುವ ಕಡೆ, ಬೇರಿಗೋ ಪಾಚಿಗೋ ಬಾಲ ತಾಗುವಂತೆ ಕೈಯನ್ನು ನೀರೊಳಗೆ ಒಯ್ದು, ಅದು ಹಿಡಿದುಕೊಂಡ ಮೇಲೆ ಕೈ ತೆಗೆಯಬೇಕು. ನಡುನೀರಿನಲ್ಲಿ ಬಿಟ್ಟರೆ ಸೆಳೆತ ಎಲ್ಲಿಗೋ ಒಯ್ಯುತ್ತದೆ.

ದಾಖಲೆ

ಕಂಡ ದಿನವೇ ಬರೆಯಬೇಕು. ದಿನಾಂಕ, ಹೊತ್ತು, ತಿಥಿ, ಭರತವೋ ಇಳಿತವೋ, ಜಾಗ, ನೀರಿನ ಅಂದಾಜು ಆಳ, ತಳ ಮರಳೋ ಕೆಸರೋ, ಬಾಲ ಯಾವುದನ್ನು ಹಿಡಿದಿತ್ತು, ಗಂಡೋ ಹೆಣ್ಣೋ ಎಳೆಯದೋ, ಚೀಲ ತುಂಬಿತ್ತೋ, ಒಂಟಿಯೋ ಜೋಡಿಯೋ. ಕಡಲಕುದುರೆಯ ಅಳತೆಯೆಂದರೆ ಕಿರೀಟದ ತುದಿಯಿಂದ ನೇರ ಮಾಡಿದ ಬಾಲದ ತುದಿಯವರೆಗಿನ ಎತ್ತರ. ಬದುಕಿರುವುದರ ಬಾಲವನ್ನು ನೇರ ಮಾಡಲು ಹೋಗದೆ, ಪಕ್ಕದಲ್ಲಿ ಗುರುತು ಹಾಕಿದ ಕಡ್ಡಿ ಹಿಡಿದು ತೆಗೆದ ಚಿತ್ರದಿಂದ ಅಂದಾಜು ಮಾಡಬೇಕು. ಲೋಕದ ಯಾವುದೇ ಮೂಲೆಯಲ್ಲಿ ಕಂಡ ಕಡಲಕುದುರೆಯ ವಿವರವನ್ನು ಸಾಮಾನ್ಯ ಜನರಿಂದ ಪಡೆದುಕೊಳ್ಳುವ ಐಸೀಹಾರ್ಸ್ ಎಂಬ ವ್ಯವಸ್ಥೆ ಇದೆ. 1996ರಲ್ಲಿ ಆರಂಭವಾದ ಪ್ರಾಜೆಕ್ಟ್ ಸೀಹಾರ್ಸ್ ಸಂಸ್ಥೆಯದು ಅದು. ಅಲ್ಲಿಗೆ ಕಳಿಸಬಹುದು. ಆದರೆ ನಿಖರವಾದ ಜಾಗವನ್ನು ಫೇಸ್‌ಬುಕ್‌ನಲ್ಲಾಗಲಿ ವಾಟ್ಸಾಪ್ ಗುಂಪುಗಳಲ್ಲಾಗಲಿ ಹಾಕಬೇಡಿ. ನೋಡಲು ಬರುವವರ ಜೊತೆ ಹಿಡಿಯಲು ಬರುವವರಿಗೂ ಅದು ದಾರಿ ತೋರಿಸುತ್ತದೆ. ಹೋದಿರಿ, ಎರಡು ಗಂಟೆ ಹುಡುಕಿದಿರಿ, ಒಂದೂ ಕಾಣಲಿಲ್ಲ ಎಂದಾದರೆ ಅದನ್ನೂ ಜಾಗ ಮತ್ತು ಹೊತ್ತಿನ ಸಮೇತ ಬರೆದಿಡಿ. ಮುಂದಿನ ವರ್ಷ ಅದೇ ಬೇರುಗಳ ಬಳಿ ಒಂದು ಕಂಡಾಗ ಹೋಲಿಸಿ ನೋಡಲು ಆ ಪುಟವೂ ಬೇಕಾಗುತ್ತದೆ.